ಯಾವ ಕಡೆಗೆ ಗುಡಿಸುವುದು?

ಎರಡು ವರ್ಷದ ಹಿಂದೆ, ಜುಲೈ-ಆಗಸ್ಟ್ ನಡುವಿನ ಆಟಿ ತಿಂಗಳ ಒಂದು ಬೆಳಿಗ್ಗೆ ಅಮ್ಮ ಅಂಗಳದಲ್ಲಿ ಜಾರಿ ಬಿದ್ದರು. ಪೂಜೆಗೆ ನಾಲ್ಕು ದಾಸವಾಳ ಕೊಯ್ದುಕೊಂಡು ಬರಲು ಹೋದವರು. ಮಳೆ ಸ್ವಲ್ಪ ನಿಂತಿತ್ತಂತೆ. ಬೀಳುವಾಗ ಬಲಗೈ ಊರಿದ್ದಾರೆ, ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್. ನಾನು ಬೆಂಗಳೂರಿನಿಂದ ಫೋನ್ ಮಾಡಿದಾಗ ಅವರ ಚಿಂತೆ ಕೈಯದ್ದಲ್ಲ. "ಹೂವೆಲ್ಲ ಚರಂಡಿಗೆ ಬಿತ್ತು ಮಾರಾಯ್ತಿ" ಅಂದರು.

ಜಾರಿಸಿದ್ದು ಹಾವಸೆ. ಘಟ್ಟದ ಮೇಲಿನವರು ಪಾಚಿ ಅನ್ನುತ್ತಾರೆ. ನಮ್ಮದು ಪುತ್ತೂರು ಕಡೆಯ ಅಡಿಕೆ ತೋಟದ ಮನೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 3,500ರಿಂದ 4,000 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಜುಲೈ ಹೊತ್ತಿಗೆ ನಮ್ಮಲ್ಲಿ ಗೋಡೆ, ಕಟ್ಟೆ, ಬಾವಿದಂಡೆ, ನಿಲ್ಲಿಸಿಟ್ಟ ಸ್ಕೂಟರಿನ ಸೀಟು, ಎಲ್ಲದಕ್ಕೂ ಹಸಿರು ಬಣ್ಣ. ಅಂಗಳವನ್ನು ಮಾತ್ರ ಅದು ಬಿಡುತ್ತದಾ?

ಆ ವರ್ಷ ಚೌತಿಗೆ ಊರಿಗೆ ಹೋದಾಗ ಮನೆಯಲ್ಲಿ ಒಂದೇ ಮಾತು. ಅಂಗಳಕ್ಕೆ ಏನಾದರೂ ಹಾಕಬೇಕು. ಜಾರಬಾರದು, ಆಮೇಲೆ ಅದರ ಹಿಂದೆ ಬಿದ್ದು ಕೆಲಸ ಮಾಡುವ ಹಾಗೂ ಇರಬಾರದು.

ಬೆಂಗಳೂರಿನಲ್ಲಿ ಪ್ಯಾಟಿಯೋ ಅಂದರೆ ಎರಡು ಬೆತ್ತದ ಕುರ್ಚಿ, ಒಂದು ಗಿಡದ ಕುಂಡ, ಕೈಯಲ್ಲಿ ಕಾಫಿ. ನಮ್ಮ ಅಂಗಳ ಅಂಥದ್ದಲ್ಲ, ಅದಕ್ಕೆ ವರ್ಷವಿಡೀ ಡ್ಯೂಟಿ. ಹಣ್ಣಡಿಕೆ ಕೊಯ್ದು ತಂದರೆ ಸುಮಾರು 40-45 ದಿನ ಬಿಸಿಲಿಗೆ ಹರಡಬೇಕು. ಒಣಗಿದ ಮೇಲೆ ಸುಲಿದರೆ ಚಾಲಿ. ಕೊಯ್ಲು ಒಂದೆರಡಲ್ಲ, ಹಾಗಾಗಿ ಡಿಸೆಂಬರಿನಿಂದ ಬೇಸಿಗೆಯವರೆಗೆ ಅಂಗಳ ಖಾಲಿ ಇರುವುದೇ ಅಪರೂಪ. ಮೇಲಿಂದ ಹಪ್ಪಳ, ಸಂಡಿಗೆ, ಮೆಣಸು. ಮದುವೆ ಬಂದರೆ ಚಪ್ಪರ. ಮಳೆಗಾಲ ಬಂತೆಂದರೆ ಮಾಡಿನ ನೀರೆಲ್ಲ ಅದರ ಮೇಲೆ.

ನಾನು ಚಿಕ್ಕವಳಿದ್ದಾಗ ಅದು ಮಣ್ಣಿನ ಅಂಗಳ. ಮಳೆಗಾಲಕ್ಕೆ ಮೊದಲು ನಡೆಯುವ ದಾರಿಗೆ ಅಡಿಕೆ ಸೋಗೆ ಹಾಸುತ್ತಿದ್ದರು. ಮಣ್ಣು ಕೊಚ್ಚಿ ಹೋಗುವುದಿಲ್ಲ, ಕಾಲೂ ಜಾರುವುದಿಲ್ಲ. ದೀಪಾವಳಿ ಕಳೆದ ಮೇಲೆ ಕೊಳೆತ ಸೋಗೆ ತೆಗೆದು ತೋಟಕ್ಕೆ ಹಾಕಿ, ಹಾರೆಯಲ್ಲಿ ಹುಲ್ಲು ಕೆತ್ತಿ, ಹಳ್ಳ ಬಿದ್ದಲ್ಲಿ ಮಣ್ಣು ತುಂಬಿ, ನೀರು ಚಿಮುಕಿಸಿ, ಮರದ ಪೆಟ್ಟಣೆಯಲ್ಲಿ ಬಡಿಯುವುದು. ಮೂರು ನಾಲ್ಕು ಜನ ಸಾಲಾಗಿ ಕುಕ್ಕರಗಾಲಲ್ಲಿ ಕೂತು ಹಿಂದೆ ಹಿಂದೆ ಸರಿಯುತ್ತಾ ಬಡಿಯುತ್ತಿದ್ದ ಆ ಟಪ್ ಟಪ್ ಸದ್ದು ಶಾಲೆಯಿಂದ ಬರುವಾಗ ಗುಡ್ಡದ ಮೇಲಿನಿಂದಲೇ ಕೇಳುತ್ತಿತ್ತು. ಕೊನೆಗೆ ಸಗಣಿ ಸಾರಿಸುವುದು. ಅದೂ ಒಂದು ಸಲ ಅಲ್ಲ.

ಅಮ್ಮನಿಗೆ ಈಗಲೂ ಅದೇ ಬೇಕು. "ಕಾಲು ಸುಡುವುದಿಲ್ಲ, ಬಿದ್ದರೆ ಕೈ ಮುರಿಯುವುದಿಲ್ಲ" ಅನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಹಟ್ಟಿಯಲ್ಲಿ ಈಗ ಇರುವುದು ಒಂದೇ ದನ. ಪೆಟ್ಟಣೆ ಹಿಡಿಯುವ ಜನ ಇಲ್ಲ. ಸಾರಿಸುವ ಕೈಗಳಲ್ಲಿ ಒಂದು ಪ್ಲಾಸ್ಟರಿನಲ್ಲಿತ್ತು.

ಅಮ್ಮ ಬಿದ್ದ ಅಂಗಳ ಅಪ್ಪ 1994ರಲ್ಲಿ ಮಾಡಿಸಿದ ಸಿಮೆಂಟಿನದ್ದು. ಊರಿನಲ್ಲಿ ಅದೊಂದು ದೊಡ್ಡ ಸುದ್ದಿಯಾಗಿತ್ತು. ಅಡಿಕೆಗೆ ಮಣ್ಣು ಹತ್ತುವುದಿಲ್ಲ, ಬಾಚುವುದು ಸುಲಭ. ಅಪ್ಪನಿಗೆ ನುಣುಪು ಅಂದರೆ ಪ್ರೀತಿ. ಕರಣೆಯಲ್ಲಿ ಉಜ್ಜಿ ಉಜ್ಜಿ, ಮೇಲಿಂದ ಸಿಮೆಂಟಿನ ಹಾಲು ಎರೆದು ಮತ್ತೆ ಉಜ್ಜಿಸಿದ್ದರು. ಬಂದವರೆಲ್ಲ ಕೈಯಲ್ಲಿ ಸವರಿ ನೋಡುತ್ತಿದ್ದರು. ಬೇಸಿಗೆಯಲ್ಲಿ ಕನ್ನಡಿ. ಮಳೆಗಾಲದಲ್ಲೂ ಕನ್ನಡಿಯೇ, ಮೇಲಿಂದ ಎಣ್ಣೆ ಹಚ್ಚಿದ್ದು ಅಷ್ಟೆ. ಇಪ್ಪತ್ತು ವರ್ಷ ದಾಟುವಾಗ ಅಲ್ಲಲ್ಲಿ ಬಿರುಕು ಬಿಟ್ಟು, ಬಿರುಕಿನಲ್ಲಿ ಗರಿಕೆ ಎದ್ದಿತ್ತು.

ಅಣ್ಣ ಆಗಲೇ ಇಂಟರ್‌ಲಾಕ್ ಸಿಮೆಂಟ್ ಬ್ಲಾಕ್ ಅಂತ ಮನಸ್ಸು ಮಾಡಿಯಾಗಿತ್ತು. ಈಗ ನಮ್ಮ ಕಡೆ ದೇವಸ್ಥಾನ, ಶಾಲೆ, ಹೊಸ ಮನೆ, ಎಲ್ಲಿ ನೋಡಿದರೂ ಅದೇ. ನನಗೆ ಅದರ ಮೇಲೆ ಸಿಟ್ಟೇನಿಲ್ಲ. ಒಂದು ಬ್ಲಾಕ್ ಒಡೆದರೆ ಅದೊಂದನ್ನೇ ಎತ್ತಿ ಬೇರೆ ಇಡಬಹುದು, ಅಡಿಯಲ್ಲಿ ಪೈಪ್ ಹಾಕಬೇಕಾದರೂ ಸುಲಭ. ಸಂದಿಯಲ್ಲಿ ಸ್ವಲ್ಪ ನೀರು ಇಂಗುತ್ತದೆ. ಕಾರು ಹೋಗುವ ಜಾಗಕ್ಕೆ 60 ಮಿಲಿಮೀಟರ್ ದಪ್ಪದ್ದು ಬೇಕು, ಬರೀ ನಡೆಯುವಲ್ಲಿಗೆ 50 ಸಾಕು. ಆದರೆ ಅದರ ಬಾಳಿಕೆ ಇರುವುದು ಕಣ್ಣಿಗೆ ಕಾಣದ ಕಡೆ. ಅಡಿಯ ಮಣ್ಣನ್ನು ಚೆನ್ನಾಗಿ ದಮ್ಮಸು ಮಾಡಿ, ಮೇಲೆ ಜಲ್ಲಿಯ ಹಾಸು, ಅದರ ಮೇಲೆ ಒಂದು ಒಂದೂವರೆ ಇಂಚು ಮರಳು, ಅಂಚಿಗೆ ಅಲುಗಾಡದ ಕಟ್ಟು. ಇದರಲ್ಲಿ ಒಂದು ತಪ್ಪಿದರೂ ಎರಡನೇ ಮಳೆಗಾಲಕ್ಕೆ ಗೊತ್ತಾಗುತ್ತದೆ. ನಮ್ಮ ನೆಂಟರೊಬ್ಬರ ಮನೆಯಲ್ಲಿ ಕಾರಿನ ಚಕ್ರ ಹೋಗುವಲ್ಲಿ ಎರಡು ಉದ್ದನೆಯ ಹಳ್ಳ ಬಿದ್ದಿವೆ. ಸಂದಿಯ ಮರಳನ್ನು ಜೂನ್ ತಿಂಗಳ ಮಳೆ ಕೊಂಡುಹೋಗುತ್ತದೆ, ಉಳಿದದ್ದನ್ನು ಇರುವೆಗಳು ಮೇಲೆ ತಂದು ಗುಪ್ಪೆ ಹಾಕುತ್ತವೆ, ಖಾಲಿ ಜಾಗದಲ್ಲಿ ನೆಲನೆಲ್ಲಿ ಹುಟ್ಟುತ್ತದೆ. ಆ ಮನೆಯ ಚಿಕ್ಕಮ್ಮ ಪ್ರತಿ ಭಾನುವಾರ ಹಳೆ ಚೂರಿ ಹಿಡಿದುಕೊಂಡು ಸಂದಿ ಸಂದಿಯಿಂದ ಹುಲ್ಲು ಕೀಳುತ್ತಾರೆ. ಚಿಕ್ಕಪ್ಪ ಜಗಲಿಯಲ್ಲಿ ಕೂತು ಬಂದವರಿಗೆ "ಮೆಂಟೆನೆನ್ಸೇ ಇಲ್ಲ ಮಾರಾಯ್ರೆ" ಅನ್ನುತ್ತಾರೆ. ನಾನೇ ಕೇಳಿದ್ದೇನೆ.

ನನ್ನ ಆಯ್ಕೆ ಶಹಾಬಾದ್ ಕಲ್ಲು. ಬೆಂಗಳೂರಿನಲ್ಲಿ ನಾವು ಮೊದಲು ಬಾಡಿಗೆಗಿದ್ದ ಹಳೆ ಮನೆಯ ಹಿತ್ತಿಲಿಗೆ ಅದೇ ಹಾಸಿದ್ದರು. ಬೂದು ಬಣ್ಣ, ತಣ್ಣಗಿನ ನೋಟ. ಕಲಬುರಗಿ ಜಿಲ್ಲೆಯ ನೆಲದಡಿ ಪದರ ಪದರವಾಗಿ ಕೂತ ಸುಣ್ಣದ ಕಲ್ಲು ಅದು. ಪದರ ಇರುವುದರಿಂದಲೇ ಹಲಗೆಯ ಹಾಗೆ ಎದ್ದು ಬರುತ್ತದೆ. ಅಲ್ಲಿ ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಗಳು ಸಾಲಾಗಿ ನಿಂತಿರುವುದೂ ಇದೇ ಸುಣ್ಣದ ಕಲ್ಲಿನಿಂದ. ಸುಣ್ಣದ ಕಲ್ಲು ಅಂದರೆ ಏನು ಅಂತ ನಾನು ಕಲಿತದ್ದು ಮಾತ್ರ ಕೆಟ್ಟ ರೀತಿಯಲ್ಲಿ. ಹಿತ್ತಿಲಿನ ಮೂಲೆಯಲ್ಲಿ ಕರೆ ಹಿಡಿದಿದೆ ಅಂತ ಬಚ್ಚಲಿಗೆ ತಂದಿದ್ದ ಆಸಿಡ್ ಸುರಿದೆ. ಕಲ್ಲು ಸೋಡಾದ ಹಾಗೆ ಬುರುಬುರು ನೊರೆ ಎದ್ದಿತು. ಏನೋ ಕೊಳೆ ಏಳುತ್ತಿದೆ ಅಂತ ಖುಷಿಯಿಂದ ಇನ್ನಷ್ಟು ಹಾಕಿದೆ. ತೊಳೆದು ನೋಡಿದರೆ ಕರೆಯ ಜೊತೆ ಕಲ್ಲಿನ ಮೇಲ್ಮೈಯೂ ಹೋಗಿ, ಬೆಳ್ಳಗೆ ಒರಟಾದ ಒಂದು ದೊಡ್ಡ ಮಚ್ಚೆ ಉಳಿದಿತ್ತು. ಮನೆ ಬಿಡುವವರೆಗೂ ಅದರ ಮೇಲೊಂದು ಬಕೆಟ್ ಇಟ್ಟಿದ್ದೆ. ಹುಳಿ ಯಾವುದಾದರೂ ಸರಿ, ನಿಂಬೆರಸ ಚೆಲ್ಲಿದರೂ ಆ ಕಲ್ಲಿಗೆ ಆಗುವುದಿಲ್ಲ. ಕಲಬುರಗಿಯಲ್ಲಿ ಮಳೆ ನಮ್ಮ ಕಾಲು ಭಾಗದಷ್ಟೂ ಇಲ್ಲ, ಅಲ್ಲಿಗೆ ಅದು ಹೇಳಿ ಮಾಡಿಸಿದ ಕಲ್ಲು. ನಮ್ಮ ಆಟಿಯ ಮಳೆಯಲ್ಲಿ, ಕಾಲಾಡಿ ಆಡಿ ನುಣುಪಾದ ಮೇಲೆ, ಅಪ್ಪನ ಸಿಮೆಂಟಿಗೂ ಅದಕ್ಕೂ ವ್ಯತ್ಯಾಸ ಇರಲಿಕ್ಕಿಲ್ಲ. ಕಡಪ ಕಲ್ಲೂ ಅದೇ ಜಾತಿ, ಬಣ್ಣ ಕಪ್ಪು. ಮಾರ್ಚ್ ಮಧ್ಯಾಹ್ನ ಅದರ ಮೇಲೆ ಬರಿಗಾಲಲ್ಲಿ ನಿಂತವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಮುರಕಲ್ಲು ಹಾಸಿದರೆ ಹೇಗೆ ಅಂತ ಒಬ್ಬರು ಕೇಳಿದರು. ನಮ್ಮ ಮನೆ ಕಟ್ಟಿದ್ದೇ ಅದರಲ್ಲಿ. 1800ರ ಸುಮಾರಿಗೆ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್, ನೆಲದಿಂದ ಮೆತ್ತಗೆ ಕಡಿದು ತೆಗೆದು, ಗಾಳಿಗೆ ಇಟ್ಟಾಗ ಗಟ್ಟಿಯಾಗುವ ಈ ಕಲ್ಲನ್ನು ನೋಡಿ, ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ ಇರುವ ಪದದಿಂದ ಲ್ಯಾಟರೈಟ್ ಅಂತ ಹೆಸರು ಕೊಟ್ಟ. ಗೋಡೆಗೆ ಅದರಷ್ಟು ಒಳ್ಳೆಯದು ಇಲ್ಲ. ಆದರೆ ಮೈತುಂಬ ತೂತು. ನೀರು ಕುಡಿದು ಕುಡಿದು ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಹಾವಸೆಗೆ ನಾವೇ ಮನೆ ಕಟ್ಟಿ ಕೊಟ್ಟ ಹಾಗೆ.

ಪಾರ್ಕಿಂಗ್ ಟೈಲ್ಸ್ ವಿಷಯ ಬೇಗ ಮುಗಿಯಿತು. ನೋಡಲು ಚೆಂದ, ವಿಟ್ರಿಫೈಡ್ ಆದರೆ ನೀರನ್ನೂ ಕುಡಿಯುವುದಿಲ್ಲ. ಆದರೆ ಅಡಿಯಲ್ಲಿ ಗಾರೆ ಸರಿಯಾಗಿ ತುಂಬದಿದ್ದರೆ ಪೊಳ್ಳು. ಪರಿಚಯದವರ ಹೊಸ ಮನೆಯ ಒಕ್ಕಲಿನ ದಿನ ನಾನು ನಾಣ್ಯದಲ್ಲಿ ತಟ್ಟಿ ನೋಡಿದೆ. ಮೂರಕ್ಕೊಂದು ಢಬಢಬ ಅಂದಿತು. ಊಟದ ಹೊತ್ತಿನಲ್ಲಿ ಹೇಳುವುದು ಬೇಡ ಅಂತ ಸುಮ್ನೆ ಬಂದೆ. ಇನ್ನು ಪ್ಲಾಸ್ಟಿಕ್ ಹುಲ್ಲಿನ ಚಾಪೆ. ಅದನ್ನು ನಮ್ಮ ಮಳೆಗೆ ಹಾಸಬೇಕು ಅಂದವರನ್ನು ಜುಲೈನಲ್ಲಿ ಒಂದು ವಾರ ನಮ್ಮ ಮನೆಯಲ್ಲಿ ಇಟ್ಟುಕೊಳ್ಳಲು ನಾನು ತಯಾರಿದ್ದೇನೆ.

ಹಾಗಾದರೆ ಇದ್ದ ಅಂಗಳವನ್ನೇ ತೊಳೆದು ಇಟ್ಟುಕೊಳ್ಳಬಾರದಿತ್ತೇ? ಇಟ್ಟುಕೊಂಡಿದ್ದರು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಎರಚಿ, ಅರ್ಧ ಗಂಟೆ ಬಿಟ್ಟು ತಿಕ್ಕುವುದು. ಅತ್ತಿಗೆಯ ನೈಟಿಗಳಲ್ಲೆಲ್ಲ ಬಣ್ಣ ಹೋದ ಚುಕ್ಕೆಗಳು, ಬೆರಳಿನ ಸಂದಿಯಲ್ಲಿ ಒಡಕು, ಕಟ್ಟೆಯ ತುಳಸಿಗೂ ಹಳದಿ. ಇಡೀ ಅಂಗಳದಲ್ಲಿ ಹಾವಸೆ ಬಾರದ ಜಾಗ ಒಂದೇ ಒಂದಿತ್ತು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವ ಡ್ರಮ್ಮು ಇಡುವ ಮೂಲೆ. ಮೈಲುತುತ್ತು, ಸುಣ್ಣ ಚೆಲ್ಲಿ ಚೆಲ್ಲಿ ಅಲ್ಲಿ ನೀಲಿ ಬಣ್ಣದ ಒಂದು ವೃತ್ತ. ಅದರ ಗಡಿಯವರೆಗೆ ಬಂದು ಹಾವಸೆ ಕೋಲು ಹಿಡಿದು ಗೆರೆ ಎಳೆದ ಹಾಗೆ ನಿಂತಿದೆ. ತಾಮ್ರ ಅಂದರೆ ಅದಕ್ಕೆ ವಿಷ. "ಇಡೀ ಅಂಗಳಕ್ಕೆ ಒಂದು ಸಲ ಬಿಟ್ಟುಬಿಡುವನಾ?" ಅಂತ ಅಣ್ಣ ತಮಾಷೆ ಮಾಡಿದ. ಆ ನೀರು ಇಳಿಯುವುದು ಬಾವಿಯ ಕಡೆಗೆ ಅಂತ ಗೊತ್ತಿದ್ದೇ ಮಾಡಿದ ತಮಾಷೆ.

ಮೇಸ್ತ್ರಿ ಬಂದದ್ದು ಮುಂದಿನ ಮಾರ್ಚಿನಲ್ಲಿ. ನನ್ನ ಫೋನಿನಲ್ಲಿ ಅಷ್ಟು ಹೊತ್ತಿಗೆ ನಲವತ್ತು ಫೋಟೋ ಇತ್ತು. ತೋರಿಸಲು ಶುರು ಮಾಡಿದೆ. ಅವರು ಎರಡು ಫೋಟೋ ನೋಡಿ, "ಒಂದು ಕೊಡಪಾನ ನೀರು ಕೊಡಿ ಅಕ್ಕ" ಅಂದರು. ಕುಡಿಯಲಿಕ್ಕೆ ಅಂತ ನಾನು ಚೊಂಬಿನಲ್ಲಿ ತಂದೆ. ಅಲ್ಲ, ಕೊಡಪಾನವೇ ಬೇಕಂತೆ. ಅದನ್ನು ಅಂಗಳದ ನಡುವೆ ಬಗ್ಗಿಸಿ ಸುರಿದು, ಸೊಂಟಕ್ಕೆ ಕೈ ಕೊಟ್ಟು ನಿಂತರು. ನಾವೂ ನಿಂತೆವು. ನೀರು ಮೊದಲು ತೋಟದ ಕಡೆ ಹೊರಟಿತು. ನಾಲ್ಕು ಮಾರು ಹೋಗಿ, ಯೋಚನೆ ಮಾಡಿದ ಹಾಗೆ ನಿಂತು, ಎಡಕ್ಕೆ ತಿರುಗಿ ಹಟ್ಟಿಯ ಕಡೆ ಹೋಯಿತು. ಸ್ವಲ್ಪ ನೀರು ಅಮ್ಮ ಬಿದ್ದ ಜಾಗದಲ್ಲೇ ಉಳಿಯಿತು.

"ಕಲ್ಲು ಹಾಕಿ, ಟೈಲ್ಸ್ ಹಾಕಿ, ಏನು ಬೇಕಾದರೂ ಹಾಕಿ ಅಣ್ಣ. ನೀರು ಅಲ್ಲಿ ನಿಂತರೆ ಹಾವಸೆ ಅಲ್ಲಿ ಬಂದೇ ಬರುತ್ತದೆ" ಅಂದರು.

ಆಮೇಲೆ ಅವರು ಕೇಳಿದ ಪ್ರಶ್ನೆ ನಮಗ್ಯಾರಿಗೂ ಹೊಳೆದೇ ಇರಲಿಲ್ಲ. ಅತ್ತಿಗೆ ಚಹಾ ಹಿಡಿದುಕೊಂಡು ಬಂದಿದ್ದರು. ಮೇಸ್ತ್ರಿ ಲೋಟ ತೆಗೆದುಕೊಳ್ಳುತ್ತಾ, "ಅಕ್ಕ, ಗುಡಿಸುವುದು ನೀವಲ್ವಾ? ಯಾವ ಕಡೆಗೆ ಗುಡಿಸುವುದು?" ಅಂದರು.

ಅತ್ತಿಗೆ ಟ್ರೇಯನ್ನು ಜಗಲಿಯಲ್ಲಿಟ್ಟು ಕೈಯಲ್ಲಿ ತೋರಿಸಿದರು. "ಜಗಲಿಯಿಂದ ತೋಟದ ಕಡೆಗೆ. ಆದರೆ ನೀರು ಹಟ್ಟಿ ಕಡೆ ಹೋಗುತ್ತದಲ್ಲ, ಹಾಗೆ ಕಸ ಒಂದು ಕಡೆ, ಕೆಸರು ಇನ್ನೊಂದು ಕಡೆ. ದಿನಾ ಎರಡೆರಡು ಸಲ."

"ಎಷ್ಟು ವರ್ಷದಿಂದ?" ನಾನು ಕೇಳಿದೆ.

"ಮದುವೆಯಾಗಿ ಬಂದಾಗಿನಿಂದ." ಅಂದರೆ ಇಪ್ಪತ್ತೆರಡು ವರ್ಷ.

ಒಮ್ಮೆ ಬಾಯಿ ಬಿಟ್ಟ ಮೇಲೆ ಅವರು ನಿಲ್ಲಲಿಲ್ಲ. ಸಂದಿ ಇರುವುದು ಬೇಡ, ಅಡಿಕೆಯ ನಾರು ಸಿಕ್ಕಿಕೊಂಡರೆ ಹಿಡಿಸೂಡಿಗೆ ಬರುವುದಿಲ್ಲ. ಒರಟು ಬೇಕು, ಆದರೆ ತಿಂಗಳಿಗೊಂದು ಹಿಡಿಸೂಡಿ ಸವೆಯುವಷ್ಟು ಒರಟು ಬೇಡ. ಹಲಸಿನ ಮರದ ಅಡಿಯಲ್ಲಿ ಹನ್ನೊಂದು ಗಂಟೆಯವರೆಗೆ ಬಿಸಿಲೇ ಇಲ್ಲ, ಅಲ್ಲಿ ಅಡಿಕೆ ಹಾಕುವುದೂ ಇಲ್ಲ, ಅಲ್ಲಿಗೆ ದುಡ್ಡು ಸುರಿಯುವುದು ಯಾಕೆ? ಮಾಡಿನ ನೀರು ಬೀಳುವ ಸಾಲಿನಲ್ಲಿ ಏನು ಹಾಕಿದರೂ ಹಸಿರಾಗುತ್ತದೆ. ನಾವು ಆರು ತಿಂಗಳು ಚರ್ಚೆ ಮಾಡಿದ್ದೆವು. ಚಹಾ ತಂದುಕೊಟ್ಟವರು ಪ್ರತಿ ಸಲವೂ ಇವರೇ.

ಕೊನೆಗೆ ಆದದ್ದು ಹೀಗೆ. ಬಿಸಿಲು ಬೀಳುವ ನಡುಭಾಗಕ್ಕೆ ಸಾದಾ ಕಾಂಕ್ರೀಟ್. ಮನೆಯಿಂದ ಬಾವಿಗೆ, ಹಟ್ಟಿಗೆ ಹೋಗುವ ದಾರಿಗೆ ಕಾರ್ಕಳ ಕಡೆಯಿಂದ ತಂದ ಶಿಲೆಕಲ್ಲಿನ, ಅಂದರೆ ಗ್ರಾನೈಟಿನ, ಚಪ್ಪಡಿ. ಪಾಲಿಶ್ ಬೇಡ, ಉಳಿಯ ಪೆಟ್ಟು ಹಾಗೇ ಇರಲಿ ಅಂದೆವು. ಬೆಂಗಳೂರಿನಲ್ಲಿ ಗ್ರಾನೈಟಿನ ಮೇಲೆ ಬೆಂಕಿ ಹಾಯಿಸಿ ಒರಟು ಮಾಡುತ್ತಾರೆ, ಕಾವಿಗೆ ಹರಳುಗಳು ಚಟಚಟ ಸಿಡಿದು ಮೇಲ್ಮೈ ತರಿತರಿ ಆಗುತ್ತದೆ. ಇಲ್ಲಿ ಉಳಿಯ ಕೆಲಸ ಮಾಡುವವರು ಸಿಕ್ಕಿದ್ದರಿಂದ ಅದು ಬೇಕಾಗಲಿಲ್ಲ. ಆ ಕಲ್ಲಿನ ಗಟ್ಟಿತನದ ಬಗ್ಗೆ ಯಾರೂ ಪ್ರಶ್ನೆ ಎತ್ತಲಿಲ್ಲ. ಕಾರ್ಕಳದ ಗೊಮ್ಮಟ 1432ರಿಂದ ಇದೇ ಮಳೆಗೆ ತಲೆಕೊಟ್ಟು ನಿಂತಿದ್ದಾನೆ. ಇಡೀ ಅಂಗಳಕ್ಕೆ ಅದನ್ನೇ ಹಾಸುವ ಶಕ್ತಿ ಮಾತ್ರ ನಮಗಿರಲಿಲ್ಲ.

ಏಪ್ರಿಲ್ ನಡುವಿನ ಬಿಸು ಹಬ್ಬ ಕಳೆದ ಮೇಲೆ, ಅಂಗಳದ ಅಡಿಕೆಯೆಲ್ಲ ಒಳಗೆ ಹೋದ ಮೇಲೆ, ಕೆಲಸ ಶುರುವಾಯಿತು. ಅಪ್ಪನ ಸಿಮೆಂಟ್ ಒಡೆಯುವಾಗ ಅಮ್ಮ ಒಳಗೆ ಹೋಗಿ ಕೂತರು. ಲೆವೆಲ್ ಪೈಪು ಹಿಡಿದು ಐದಡಿಗೆ ಒಂದಿಂಚು ಇಳಿಜಾರು ಕೊಟ್ಟರು. ಮೂವತ್ತಡಿ ಅಂಗಳಕ್ಕೆ ಆರಿಂಚು. "ಇಷ್ಟೊಂದಾ? ಅಡಿಕೆ ಉರುಳಿ ಹೋಗುವುದಿಲ್ವಾ?" ಅಂತ ಅಣ್ಣನಿಗೆ ಹೆದರಿಕೆ. ಕಾಂಕ್ರೀಟ್ ಹಾಕಿದ ಮೇಲೆ ನೋಡಿದರೆ ಇಳಿಜಾರು ಕಣ್ಣಿಗೇ ಕಾಣುವುದಿಲ್ಲ. ದಪ್ಪ ನಾಲ್ಕಿಂಚು. ಹತ್ತಡಿಗೊಂದು ಗೆರೆಯಂತೆ ಒಂದಿಂಚು ಆಳಕ್ಕೆ ಕೊಯ್ದರು. ಹೊಸ ಅಂಗಳವನ್ನು ಯಾಕೆ ಕೊಯ್ಯುವುದು ಅಂತ ಅಮ್ಮ ಕೇಳಿದ್ದಕ್ಕೆ ಮೇಸ್ತ್ರಿ, "ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ ಅಮ್ಮ, ಒಡೆಯುವುದು ಒಡೆಯುತ್ತದೆ. ಎಲ್ಲಿ ಒಡಿ ಅಂತ ನಾವು ಮೊದಲೇ ಹೇಳಿಡುವುದು" ಅಂದರು. ಆ ಗೆರೆಗಳು ಬೆರಳಿನಷ್ಟೂ ಅಗಲ ಇಲ್ಲ. ಅತ್ತಿಗೆ ಹಿಡಿಸೂಡಿ ಆಡಿಸಿ ನೋಡಿ ಪಾಸು ಮಾಡಿದರು.

ಮೇಲ್ಮೈಗೆ ಅವರು ಮಾಡಿದ ಕೆಲಸ ನನಗೆ ತುಂಬ ಇಷ್ಟವಾಯಿತು. ಕಾಂಕ್ರೀಟಿನ ಮೇಲೆ ಎದ್ದ ನೀರು ಆರುವವರೆಗೆ ಕಾದರು. ಬೆರಳಿಟ್ಟರೆ ಗುರುತು ಬೀಳಬೇಕು, ಬೆರಳಿಗೆ ಅಂಟಬಾರದು. ಆ ಹದಕ್ಕೆ ಬಂದಾಗ ಹೊಸ ಹಿಡಿಸೂಡಿಯೊಂದನ್ನು ಹಲಗೆಗೆ ಅಗಲವಾಗಿ ಕಟ್ಟಿ, ಜಗಲಿಯ ಕಡೆಯಿಂದ ತೋಟದ ಕಡೆಗೆ ಒಂದೇ ಎಳೆತಕ್ಕೆ ಎಳೆದರು. ಇಡೀ ಅಂಗಳಕ್ಕೆ ಬಾಚಣಿಗೆ ಹಾಕಿದ ಹಾಗೆ ಸಣ್ಣ ಗೀರುಗಳು. ಕಾಲಿಗೆ ಹಿಡಿತ ಸಿಗುತ್ತದೆ, ನೀರೂ ಕಸವೂ ಗೀರಿನ ಉದ್ದಕ್ಕೆ ಇಳಿಯುತ್ತವೆ. ಅಡ್ಡಕ್ಕೆ ಎಳೆದಿದ್ದರೆ ಅತ್ತಿಗೆಗೆ ಮತ್ತೆ ಇಪ್ಪತ್ತೆರಡು ವರ್ಷ. ಹತ್ತು ದಿನ ಬೈಹುಲ್ಲು ಹೊದೆಸಿ ನೀರು ಹಾಕಿದೆವು. ಕೆಳಗಿನ ಅಂಚಿನಲ್ಲಿ ಒಂದು ಕಣಿ, ಕಣಿಯ ನೀರು ತೋಟದ ಇಂಗುಗುಂಡಿಗೆ.

ತುಳಸಿಕಟ್ಟೆಯ ಸುತ್ತ ಆರಡಿ ಜಾಗ ಮಣ್ಣೇ ಇರಲಿ ಅಂತ ಅಮ್ಮ ಹಟ ಹಿಡಿದರು. ಬಿಟ್ಟೆವು. ಮಾಡಿನ ನೀರು ಬೀಳುವ ಸಾಲಿಗೆ ಎರಡಡಿ ಅಗಲ ಜಲ್ಲಿ ತುಂಬಿಸುವುದು ನನ್ನ ಐಡಿಯಾ. ನೀರು ರಪ್ಪನೆ ಬಿದ್ದು ಗೋಡೆಗೆ ಕೆಂಪು ಕೆಸರು ಎರಚುವುದಿಲ್ಲ, ಹಾವಸೆ ಬಂದರೂ ಕಾಲಡಿಯಲ್ಲಿ ಜಲ್ಲಿ ಜಾರುವುದಿಲ್ಲ. ಆ ಒಂದು ವಿಷಯದಲ್ಲಾದರೂ ನನ್ನ ಫೋಟೋಗಳು ಉಪಯೋಗಕ್ಕೆ ಬಂದವಲ್ಲ ಅಂತ ಸಮಾಧಾನ.

ಒಂದು ಪೂರ್ತಿ ಮಳೆಗಾಲ, ಒಂದು ಅಡಿಕೆ ಸೀಸನ್ ಮುಗಿದು ಈಗ ಎರಡನೇ ಮಳೆಗಾಲ ನಡೆಯುತ್ತಿದೆ. ಕಾಂಕ್ರೀಟ್ ಬಿಳಿ ಬಣ್ಣ ಬಿಟ್ಟು ಬೂದಿಗೆ ತಿರುಗಿದೆ. ಗೆರೆ ಬಿಟ್ಟು ಹೊರಗೆ ಒಂದು ಕೂದಲೆಳೆಯ ಬಿರುಕು ಬಂದಿದೆ, ಕಣಿಯ ಮೂಲೆಯಲ್ಲಿ. ಮೇಸ್ತ್ರಿಗೆ ತೋರಿಸಿದೆವು, ತಲೆ ಕೆರೆದುಕೊಂಡರು. ಬಿಸಿಲಿನಲ್ಲಿ ಕಾಲು ಸುಡುವುದು ನಿಜ. ಅಮ್ಮ ಅಂಗಳಕ್ಕೆ ಇಳಿಯುವಾಗ ಹವಾಯಿ ಚಪ್ಪಲಿ ಹಾಕಿಕೊಳ್ಳುತ್ತಾರೆ, ಹಾಕುವಾಗ ಪ್ರತಿ ಸಲ ಒಂದು ಮಾತು ಹೇಳಿಯೇ ಹಾಕುತ್ತಾರೆ. ಹಾವಸೆ ಬಂದಿದೆ, ಹಲಸಿನ ನೆರಳಿನಲ್ಲಿ ಎರಡು ಮೊರದಷ್ಟು ಜಾಗ. ಇಡೀ ಮಳೆಗಾಲದಲ್ಲಿ ಎರಡು ಸಲ ಗಡಸು ಬ್ರಷ್ಷಿನಲ್ಲಿ ತಿಕ್ಕಿದರೆ ಸಾಕಾಗುತ್ತದೆ. ಬ್ಲೀಚಿಂಗ್ ಪೌಡರ್ ತರುವುದು ನಿಂತಿದೆ. ತುಳಸಿಯ ಸುತ್ತಲಿನ ಮಣ್ಣಿಗೆ ಮಳೆಗಾಲದಲ್ಲಿ ಸೋಗೆ, ದೀಪಾವಳಿ ಆದ ಮೇಲೆ ಸಗಣಿ. ಅಮ್ಮನ ಬಲಗೈ ಇನ್ನೂ ಪೂರ್ತಿ ತಿರುಗುವುದಿಲ್ಲ, ಅರ್ಧ ಅವರು ಸಾರಿಸುತ್ತಾರೆ, ಅರ್ಧ ಅತ್ತಿಗೆ.

ಕೆಟ್ಟದ್ದು ಅಂದರೆ ನನ್ನ ಜಲ್ಲಿ. ಹಲಸಿನ ಎಲೆ ಬಿದ್ದರೆ ಅದರ ಮೇಲಿಂದ ಗುಡಿಸಲು ಆಗುವುದಿಲ್ಲ. ಹಿಡಿಸೂಡಿ ಎಳೆದರೆ ಎಲೆಗಿಂತ ಜಾಸ್ತಿ ಜಲ್ಲಿಯೇ ಬರುತ್ತದೆ. ಹಾಗೇ ಬಿಟ್ಟರೆ ಕೊಳೆತು ಮಣ್ಣಾಗಿ ಅದರಲ್ಲಿ ಗಿಡ. ಕೂತು ಕೈಯಲ್ಲೇ ಹೆಕ್ಕಬೇಕು. ಅತ್ತಿಗೆ ಒಂದು ವರ್ಷ ಏನೂ ಹೇಳದೆ ಹೆಕ್ಕಿದ್ದಾರೆ.

ಈ ಸಲ ಊರಿಗೆ ಹೋದಾಗ ನಾನೇ ಒಂದು ಮಣೆ ಹಾಕಿಕೊಂಡು ಮಾಡಿನ ಕೆಳಗೆ ಕೂತೆ. ಒಂದು ಬುಟ್ಟಿ ಎಲೆ ಹೆಕ್ಕುವಷ್ಟರಲ್ಲಿ ಸೊಂಟ ಹಿಡಿಯಿತು. ಅತ್ತಿಗೆ ಜಗಲಿಯಿಂದ ಶುರು ಮಾಡಿ ತೋಟದವರೆಗೆ ಒಂದೇ ಸಲಕ್ಕೆ ಗುಡಿಸಿ ಮುಗಿಸಿ, ಹಿಡಿಸೂಡಿಯನ್ನು ಅಂಗೈಗೆ ಕುಟ್ಟಿ ಸರಿ ಮಾಡಿಕೊಳ್ಳುತ್ತಾ ನನ್ನ ಹತ್ತಿರ ಬಂದು ನಿಂತರು.

"ಈ ಕಡೆಯ ಒಂದು ಗೆಲ್ಲು ಕಡಿಸಿದರೆ ನೆರಳೂ ಇಲ್ಲ, ಎಲೆಯೂ ಇಲ್ಲ. ನಾನು ಹೇಳಿದರೆ ಆಗುವುದಿಲ್ಲ. ನಿನ್ನ ಅಣ್ಣನಿಗೆ ನೀನೇ ಹೇಳು."

ಹೇಳಿದೆ. ಅಣ್ಣ ಮರವನ್ನು ಬುಡದಿಂದ ತುದಿಯವರೆಗೆ ಒಮ್ಮೆ ನೋಡಿದ. "ಅದು ಒಳ್ಳೆಯ ಬಕ್ಕೆ ಹಲಸು ಮಾರಾಯ್ತಿ, ಹಣ್ಣು ಬಿಡುವುದೇ ಆ ಗೆಲ್ಲಿನಲ್ಲಿ" ಅಂದ.